ಗಾಯ, ದೈಹಿಕ ಪರೀಕ್ಷೆ ಮತ್ತು ಸೇನಾ ಬಡ್ತಿ: ನಿಯಮಗಳು ಏನು ಹೇಳುತ್ತವೆ?

ಸರ್ಕಾರಿ ಕಚೇರಿಯ ಗುಮಾಸ್ತನೊಬ್ಬನ ಮೊಣಕಾಲಿಗೆ ಪೆಟ್ಟಾದರೆ ಆತ ಕೆಲ ದಿನ ರಜೆ ಹಾಕಿ ಮತ್ತೆ ಅದೇ ಕುರ್ಚಿಗೆ ಮರಳುತ್ತಾನೆ. ಅವನ ಬಡ್ತಿಗೂ ಆ ಮೊಣಕಾಲಿಗೂ ಸಂಬಂಧವಿರುವುದಿಲ್ಲ. ಆದರೆ ಸೈನಿಕನ ವಿಷಯ ಹಾಗಲ್ಲ. ಸಿಯಾಚಿನ್‌ನ ಹಿಮದಲ್ಲಿ ಜಾರಿ ಬಿದ್ದ ಹವಾಲ್ದಾರನ ಮೊಣಕಾಲು, ಗುಂಡಿನ ಸದ್ದಿನಿಂದ ಮಂದವಾದ ತೋಪು ಪಡೆಯ ಅಧಿಕಾರಿಯ ಕಿವಿ, ನಲವತ್ತು ದಾಟಿದ ಮೇಜರ್‌ನ ರಕ್ತದೊತ್ತಡ - ಇವೆಲ್ಲವೂ ಅವರವರ ಸೇವಾ ದಾಖಲೆಯಲ್ಲಿ ಸಂಕೇತಾಕ್ಷರಗಳಾಗಿ ನಮೂದಾಗುತ್ತವೆ. ಬಡ್ತಿ ಮಂಡಳಿ ಸಭೆ ಸೇರಿದಾಗ ಆ ಅಕ್ಷರಗಳೂ ಮೇಜಿನ ಮೇಲಿರುತ್ತವೆ.

ಕೊಡಗು, ಬೆಳಗಾವಿ, ವಿಜಯಪುರ, ಹಾಸನ ಸೇರಿದಂತೆ ರಾಜ್ಯದ ಅನೇಕ ಜಿಲ್ಲೆಗಳ ಸಾವಿರಾರು ಕುಟುಂಬಗಳಿಗೆ ಸೇನೆಯ ನಂಟಿದೆ. ಆದರೂ ಗಾಯಗೊಂಡ ಅಥವಾ ದೈಹಿಕ ಪರೀಕ್ಷೆಯಲ್ಲಿ ಅನುತ್ತೀರ್ಣನಾದ ಯೋಧನ ಬಡ್ತಿ ಏನಾಗುತ್ತದೆ, ಅವನಿಗಿರುವ ಹಕ್ಕುಗಳು ಯಾವುವು ಎಂಬ ಬಗ್ಗೆ ಕುಟುಂಬದವರಿಗೆ ಸ್ಪಷ್ಟ ತಿಳಿವಳಿಕೆ ಇರುವುದು ಕಡಿಮೆ. ಭಾರತೀಯ ಸೇನೆಯಲ್ಲಿ ಚಾಲ್ತಿಯಲ್ಲಿರುವ ವ್ಯವಸ್ಥೆ, ನ್ಯಾಯಾಲಯಗಳು ನೀಡಿರುವ ಪ್ರಮುಖ ತೀರ್ಪುಗಳು ಹಾಗೂ ಪರಿಹಾರದ ಮಾರ್ಗಗಳ ಒಂದು ಸಮಗ್ರ ಪರಿಚಯ ಇಲ್ಲಿದೆ.

ಐದು ಅಕ್ಷರಗಳ ಅಳತೆಗೋಲು

ಭೂಸೇನೆಯಲ್ಲಿ ಪ್ರತಿಯೊಬ್ಬರ ಆರೋಗ್ಯವನ್ನೂ 'ಶೇಪ್' ಎಂಬ ಪದ್ಧತಿಯಲ್ಲಿ ಅಳೆಯಲಾಗುತ್ತದೆ. ಆಂಗ್ಲ ಭಾಷೆಯ ಐದು ಅಕ್ಷರಗಳಿಂದ ಆದ ಪದವಿದು. 'ಎಸ್' ಎಂದರೆ ಮಾನಸಿಕ ಸ್ಥಿತಿ, 'ಎಚ್' ಎಂದರೆ ಶ್ರವಣ ಶಕ್ತಿ, 'ಎ' ಎಂದರೆ ಕೈಕಾಲುಗಳು, 'ಪಿ' ಎಂದರೆ ಒಟ್ಟಾರೆ ದೈಹಿಕ ಸಾಮರ್ಥ್ಯ, 'ಇ' ಎಂದರೆ ದೃಷ್ಟಿ. ಪ್ರತಿ ಅಂಶಕ್ಕೂ 1ರಿಂದ 5ರವರೆಗೆ ಅಂಕ ನೀಡಲಾಗುತ್ತದೆ.

ಎಲ್ಲ ಐದು ಅಂಶಗಳಲ್ಲೂ 1 ಇದ್ದರೆ ಅದು 'ಶೇಪ್-1'. ಅಂಥವರನ್ನು ದೇಶದ ಯಾವುದೇ ಮೂಲೆಗೆ, ಯಾವುದೇ ಕರ್ತವ್ಯಕ್ಕೆ ಕಳುಹಿಸಬಹುದು. 2 ಎಂದರೆ ಬಹುತೇಕ ಎಲ್ಲ ಕೆಲಸಕ್ಕೂ ಅರ್ಹ, ಆದರೆ ತೀವ್ರ ಒತ್ತಡದ ಕರ್ತವ್ಯಗಳಿಗೆ ಕೆಲವು ಮಿತಿಗಳುಂಟು. 3 ಎಂದರೆ ದಿನನಿತ್ಯದ ಹಾಗೂ ಕುಳಿತು ಮಾಡುವ ಕೆಲಸಗಳಿಗಷ್ಟೇ ಸೂಕ್ತ. 4 ಎಂದರೆ ಆಸ್ಪತ್ರೆ ಅಥವಾ ಅನಾರೋಗ್ಯ ರಜೆಯಲ್ಲಿದ್ದು ತಾತ್ಕಾಲಿಕವಾಗಿ ಕರ್ತವ್ಯಕ್ಕೆ ಅನರ್ಹ. 5 ಎಂದರೆ ಸೇನಾ ಸೇವೆಗೆ ಶಾಶ್ವತವಾಗಿ ಅನರ್ಹ.

ಹೀಗಾಗಿ ಕಾಲಿನ ಮೂಳೆ ಮುರಿದು ಚೇತರಿಸಿಕೊಳ್ಳುತ್ತಿರುವ ಯೋಧನ ದಾಖಲೆಯಲ್ಲಿ ಉಳಿದ ನಾಲ್ಕೂ ಅಂಶಗಳು 1 ಆಗಿದ್ದು 'ಎ' ಒಂದು ಮಾತ್ರ 2 ಅಥವಾ 3 ಆಗಿರಬಹುದು. ಒಂದೇ ಅಂಶದಲ್ಲಿ ಇಳಿಕೆಯಾದರೂ ಆತ 'ಕೆಳ ವೈದ್ಯಕೀಯ ಶ್ರೇಣಿ'ಗೆ ಸೇರಿದವನೆನಿಸುತ್ತಾನೆ. ಇದರ ಜೊತೆಗೆ 'ಕೋಪ್' ಎಂಬ ಇನ್ನೊಂದು ಸಂಕೇತವೂ ಇದೆ. ಯಾವ ಹವಾಮಾನ ಮತ್ತು ಭೂಪ್ರದೇಶದಲ್ಲಿ ಇರಿಸಬಹುದು, ಎಷ್ಟರ ಮಟ್ಟಿಗೆ ವೈದ್ಯರ ನಿಗಾ ಬೇಕು, ಯಾವ ದೈಹಿಕ ಕೆಲಸ ಮಾಡಿಸಬಾರದು, ಬೇರೆ ಯಾವ ವಿಶೇಷ ನಿರ್ಬಂಧಗಳಿವೆ ಎಂಬುದನ್ನು ಅದು ತಿಳಿಸುತ್ತದೆ. ಎತ್ತರದ ಪ್ರದೇಶಗಳಿಗೆ ಕಳುಹಿಸಬಾರದೆಂಬ ನಿರ್ಬಂಧವಿರುವ ಅಧಿಕಾರಿಗೆ ಅಂಥ ಗಡಿ ಪ್ರದೇಶದಲ್ಲಿರುವ ತುಕಡಿಯ ನೇತೃತ್ವ ವಹಿಸುವುದು ಕಷ್ಟ. ಬಡ್ತಿಯ ಸಮಸ್ಯೆ ಹುಟ್ಟುವುದು ಇಲ್ಲಿಂದಲೇ.

ತಾತ್ಕಾಲಿಕವೋ, ಕಾಯಮ್ಮೋ?

ಗಾಯವಾದ ಕೂಡಲೇ ಯಾರನ್ನೂ ಕಾಯಂ ಆಗಿ ಕೆಳ ಶ್ರೇಣಿಗೆ ತಳ್ಳುವುದಿಲ್ಲ. ಮೊದಲು ತಾತ್ಕಾಲಿಕ ಶ್ರೇಣಿ ನೀಡಿ ಸಾಮಾನ್ಯವಾಗಿ 24 ವಾರಗಳವರೆಗೆ ಚೇತರಿಕೆಗೆ ಅವಕಾಶ ಕೊಡಲಾಗುತ್ತದೆ. ಅವಧಿ ಮುಗಿದ ಮೇಲೆ ವೈದ್ಯಕೀಯ ಮಂಡಳಿ ಮರುಪರೀಕ್ಷೆ ನಡೆಸುತ್ತದೆ. ಗುಣವಾಗಿದ್ದರೆ ಮತ್ತೆ ಶೇಪ್-1. ಗುಣವಾಗದೆ ಸ್ಥಿತಿ ಸ್ಥಿರಗೊಂಡಿದ್ದರೆ ಕಾಯಂ ಶ್ರೇಣಿ. ಕಾಯಂ ಎಂಬ ಹೆಸರಿದ್ದರೂ ಅದು ಜೀವನಪರ್ಯಂತದ ಮುದ್ರೆಯಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಅದರ ಪುನರ್ವಿಮರ್ಶೆ ನಡೆಯುತ್ತದೆ, ಸುಧಾರಣೆ ಕಂಡುಬಂದರೆ ಶ್ರೇಣಿ ಏರುತ್ತದೆ.

ಬಡ್ತಿಯ ದೃಷ್ಟಿಯಿಂದ ಈ ಎರಡರ ನಡುವೆ ಮಹತ್ವದ ಅಂತರವಿದೆ. ತಾತ್ಕಾಲಿಕ ಶ್ರೇಣಿಯಲ್ಲಿರುವವರ ಬಡ್ತಿ ಬಹುತೇಕ ಮುಂದೂಡಲ್ಪಡುತ್ತದೆ. ಸ್ವೀಕಾರಾರ್ಹ ಶ್ರೇಣಿಗೆ ಮರಳಿದ ನಂತರ ಅವರು ಹೊಸ ಹುದ್ದೆಯ ಪಟ್ಟಿ ಧರಿಸಬಹುದು. ಕಾಯಂ ಶ್ರೇಣಿಯಲ್ಲಿರುವವರ ವಿಷಯದಲ್ಲಿ ಮಾತ್ರ ಪ್ರಶ್ನೆ ಬೇರೆ: ಆ ಶ್ರೇಣಿ ಮೇಲಿನ ಹುದ್ದೆಗೆ ನಿಗದಿಪಡಿಸಿದ ಕನಿಷ್ಠ ಮಟ್ಟದೊಳಗೆ ಬರುತ್ತದೆಯೇ, ಗಾಯ ಯಾವ ಕಾರಣದಿಂದ ಆಯಿತು, ಆ ಹುದ್ದೆಯ ಕೆಲಸ ಮಾಡಲು ವ್ಯಕ್ತಿ ಶಕ್ತನೇ?

ಓಟದ ಗಡಿಯಾರ

ವೈದ್ಯಕೀಯ ಶ್ರೇಣಿ ಮತ್ತು ದೈಹಿಕ ಕ್ಷಮತಾ ಪರೀಕ್ಷೆ ಎರಡೂ ಒಂದೇ ಎಂದು ಅನೇಕರು ಭಾವಿಸುವುದುಂಟು. ಅದು ಸರಿಯಲ್ಲ. ಮೊದಲನೆಯದು ವೈದ್ಯರ ನಿರ್ಣಯ. ಎರಡನೆಯದು ಮೈದಾನದಲ್ಲಿ ಗಡಿಯಾರ ಹಿಡಿದು ಮಾಡುವ ಅಳತೆ. ಶೇಪ್-1 ಆಗಿರುವವನೂ ಓಟದಲ್ಲಿ ಹಿಂದೆ ಬೀಳಬಹುದು.

ಭೂಸೇನೆಯಲ್ಲಿ ದಶಕಗಳಿಂದ ಬಳಕೆಯಲ್ಲಿ ಬಂದ ಪರೀಕ್ಷೆಗಳು ಎರಡು. 'ಬ್ಯಾಟಲ್ ಫಿಸಿಕಲ್ ಎಫಿಶಿಯೆನ್ಸಿ ಟೆಸ್ಟ್', ಅಂದರೆ ಯುದ್ಧ ದೈಹಿಕ ಕ್ಷಮತಾ ಪರೀಕ್ಷೆಯಲ್ಲಿ ಆಯುಧ ಹಾಗೂ ಯುದ್ಧ ಸಾಮಗ್ರಿಗಳನ್ನು ಹೊತ್ತು 5 ಕಿ.ಮೀ. ಓಡಬೇಕು. 60 ಮೀಟರ್ ವೇಗದ ಓಟ, ಹಗ್ಗ ಹತ್ತುವುದು, ಅಡ್ಡ ಹಗ್ಗದ ಮೇಲೆ ಸಾಗುವುದು, 9 ಅಡಿ ಅಗಲದ ಕಂದಕ ಜಿಗಿಯುವುದು ಅದರ ಉಳಿದ ಭಾಗಗಳು. 30 ವರ್ಷದೊಳಗಿನವರು 5 ಕಿ.ಮೀ.ಯನ್ನು 25 ನಿಮಿಷದೊಳಗೆ ಮುಗಿಸಿದರೆ 'ಅತ್ಯುತ್ತಮ' ದರ್ಜೆ. ವಯಸ್ಸು ಏರಿದಂತೆ ಕಾಲಮಿತಿಯಲ್ಲಿ ರಿಯಾಯಿತಿ ದೊರೆಯುತ್ತದೆ. ಇನ್ನೊಂದು 'ಫಿಸಿಕಲ್ ಪ್ರೊಫಿಶಿಯೆನ್ಸಿ ಟೆಸ್ಟ್'. ಅದರಲ್ಲಿ 2.4 ಕಿ.ಮೀ. ಓಟ, ದಂಡ, ಚಿನ್-ಅಪ್, ಶಟಲ್ ಓಟ ಮೊದಲಾದವು ಸೇರಿವೆ. ಪರೀಕ್ಷೆಗಳ ಅಂಶಗಳು ಮತ್ತು ಮಾನದಂಡಗಳು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುತ್ತವೆ.

2024ರ ಜನವರಿಯಲ್ಲಿ ಸೇನೆಯ ಹೊಸ ಕ್ಷಮತಾ ನೀತಿಯ ವಿವರಗಳು ಬಹಿರಂಗಗೊಂಡವು. ಘಟಕಗಳಲ್ಲಿ ದೈಹಿಕ ಮಟ್ಟ ಕುಸಿಯುತ್ತಿರುವುದು, ಬೊಜ್ಜು ಹಾಗೂ ಜೀವನಶೈಲಿ ಸಂಬಂಧಿ ಕಾಯಿಲೆಗಳು ಹೆಚ್ಚುತ್ತಿರುವುದು ಇದಕ್ಕೆ ಕಾರಣವೆಂದು ಹೇಳಲಾಯಿತು. ಮೂರು ತಿಂಗಳಿಗೊಮ್ಮೆ ನಡೆಯುವ ಮೌಲ್ಯಮಾಪನಕ್ಕೆ ಬ್ರಿಗೇಡಿಯರ್ ದರ್ಜೆಯ ಅಧಿಕಾರಿಯ ಅಧ್ಯಕ್ಷತೆ, ಜೊತೆಗೆ ಇಬ್ಬರು ಕರ್ನಲ್‌ಗಳು ಮತ್ತು ಒಬ್ಬ ವೈದ್ಯಾಧಿಕಾರಿ, ಪ್ರತಿಯೊಬ್ಬ ಯೋಧನಿಗೂ ಒಂದು ದೈಹಿಕ ಕ್ಷಮತಾ ಕಾರ್ಡ್ - ಇವು ಅದರ ಮುಖ್ಯಾಂಶಗಳು. ಆರು ತಿಂಗಳಿಗೊಮ್ಮೆ 10 ಕಿ.ಮೀ. ವೇಗದ ನಡಿಗೆ ಮತ್ತು 32 ಕಿ.ಮೀ. ದೂರದ ನಡಿಗೆ, ಅಲ್ಲದೆ 50 ಮೀಟರ್ ಈಜು ಪರೀಕ್ಷೆಯನ್ನೂ ಸೇರಿಸಲಾಯಿತು. ತೂಕ ಮಿತಿ ಮೀರಿದವರಿಗೆ ಲಿಖಿತ ಎಚ್ಚರಿಕೆ ಕೊಟ್ಟು 30 ದಿನಗಳ ಕಾಲಾವಕಾಶ ನೀಡುವುದು, ಸುಧಾರಿಸದಿದ್ದರೆ ರಜೆ ಹಾಗೂ ತರಬೇತಿ ಕೋರ್ಸುಗಳನ್ನು ಮೊಟಕುಗೊಳಿಸುವುದು ಆ ನೀತಿಯಲ್ಲಿತ್ತು.

ಒಂದು ಪರೀಕ್ಷೆಯಲ್ಲಿ ಅನುತ್ತೀರ್ಣನಾದ ಮಾತ್ರಕ್ಕೆ ವೃತ್ತಿ ಮುಗಿಯುವುದಿಲ್ಲ. ಮರುಪರೀಕ್ಷೆಗೆ ಅವಕಾಶವಿದೆ. ಆದರೆ ಅದರ ಪರಿಣಾಮ ಪರೋಕ್ಷವಾಗಿ ದೂರದವರೆಗೆ ಹೋಗುತ್ತದೆ. ಅಧಿಕಾರಿಯ ವಾರ್ಷಿಕ ಗೋಪ್ಯ ವರದಿಯಲ್ಲಿ ದೈಹಿಕ ಪರೀಕ್ಷೆಯ ಫಲಿತಾಂಶ ಮತ್ತು ವೈದ್ಯಕೀಯ ಶ್ರೇಣಿ ಎರಡನ್ನೂ ನಮೂದಿಸಲಾಗುತ್ತದೆ. ಕೋರ್ಸಿಗೆ ಆಯ್ಕೆಯಾಗದಿದ್ದರೆ ಕೋರ್ಸಿನ ಅಂಕಗಳು ಸಿಗುವುದಿಲ್ಲ, ಆ ಅಂಕಗಳಿಲ್ಲದೆ ಬಡ್ತಿ ಮಂಡಳಿಯ ಮುಂದೆ ಸಹೋದ್ಯೋಗಿಗಳಿಗಿಂತ ಹಿಂದುಳಿಯಬೇಕಾಗುತ್ತದೆ.

ಅಧಿಕಾರಿಗಳ ಬಡ್ತಿ ಏಣಿ

ಅಧಿಕಾರಿಗಳ ಬಡ್ತಿಯಲ್ಲಿ ಎರಡು ಘಟ್ಟಗಳಿವೆ. ಮೊದಲ ಘಟ್ಟದ ಬಡ್ತಿ ಸೇವಾವಧಿಯನ್ನು ಆಧರಿಸಿದ್ದು. ಅಜಯ್ ವಿಕ್ರಮ್ ಸಿಂಗ್ ಸಮಿತಿಯ ಶಿಫಾರಸಿನಂತೆ 2004ರ ಡಿಸೆಂಬರ್‌ನಿಂದ ಜಾರಿಗೆ ಬಂದ ವ್ಯವಸ್ಥೆಯ ಪ್ರಕಾರ 2 ವರ್ಷಕ್ಕೆ ಕ್ಯಾಪ್ಟನ್, 6 ವರ್ಷಕ್ಕೆ ಮೇಜರ್, 13 ವರ್ಷಕ್ಕೆ ಲೆಫ್ಟಿನೆಂಟ್ ಕರ್ನಲ್ ಹುದ್ದೆ ದೊರೆಯುತ್ತದೆ. ಇದಕ್ಕೆ ನಿಗದಿತ ಲಿಖಿತ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ ಇತರ ಅರ್ಹತೆಗಳನ್ನು ಪೂರೈಸಬೇಕು.

ಎರಡನೆಯ ಘಟ್ಟ ಕರ್ನಲ್ ಹುದ್ದೆಯಿಂದ ಆರಂಭ. ಇಲ್ಲಿಂದ ಮೇಲಕ್ಕೆ ಆಯ್ಕೆ ಮಾತ್ರ. ಕರ್ನಲ್ ಹುದ್ದೆಗೆ 3ನೇ ಸಂಖ್ಯೆಯ ಆಯ್ಕೆ ಮಂಡಳಿ, ಬ್ರಿಗೇಡಿಯರ್ ಹುದ್ದೆಗೆ 2ನೇ ಮಂಡಳಿ, ಮೇಜರ್ ಜನರಲ್ ಹುದ್ದೆಗೆ 1ನೇ ಮಂಡಳಿ, ಲೆಫ್ಟಿನೆಂಟ್ ಜನರಲ್ ಹುದ್ದೆಗೆ ವಿಶೇಷ ಆಯ್ಕೆ ಮಂಡಳಿ ಇವೆ. ಒಬ್ಬ ಅಧಿಕಾರಿಗೆ ಮಂಡಳಿಯ ಮುಂದೆ ಸಾಮಾನ್ಯವಾಗಿ ಮೂರು ಅವಕಾಶಗಳು. ಮೂರರಲ್ಲೂ ಆಯ್ಕೆಯಾಗದವರು 26 ವರ್ಷಗಳ ಸೇವೆಯ ನಂತರ ಕಾಲಾವಧಿ ಆಧಾರದ ಕರ್ನಲ್ ಆಗಬಹುದಾದರೂ ಆಯ್ಕೆಯ ಏಣಿಯಲ್ಲಿ ಮುಂದೆ ಹೋಗಲಾರರು.

2009ರಲ್ಲಿ ಜಾರಿಗೆ ಬಂದ ಅಂಕ ಪದ್ಧತಿಯಲ್ಲಿ ಗೋಪ್ಯ ವರದಿಗಳು, ಕೋರ್ಸುಗಳ ಸಾಧನೆ, ಶೌರ್ಯ ಹಾಗೂ ಸೇವಾ ಪ್ರಶಸ್ತಿಗಳಿಗೆ ಒಟ್ಟು 95 ಅಂಕ, ಮಂಡಳಿಯ ವಿವೇಚನೆಗೆ 5 ಅಂಕ ಎಂದು ಗೊತ್ತುಪಡಿಸಲಾಯಿತು. ವೈದ್ಯಕೀಯ ಶ್ರೇಣಿಗೆ ಈ ಅಂಕಗಳಲ್ಲಿ ಪಾಲಿಲ್ಲ. ಅದು ಬೇರೆಯೇ ಒಂದು ಬಾಗಿಲು. ಅಂಕಗಳ ಆಧಾರದ ಮೇಲೆ ಆಯ್ಕೆಯಾದರೂ ಹೊಸ ಹುದ್ದೆ ವಹಿಸಿಕೊಳ್ಳುವ ವೇಳೆಗೆ ಅಧಿಕಾರಿ ಸ್ವೀಕಾರಾರ್ಹ ಶ್ರೇಣಿಯಲ್ಲಿರಬೇಕು. ಎಷ್ಟೋ ಸಂದರ್ಭಗಳಲ್ಲಿ ಮಂಡಳಿಯ ಒಪ್ಪಿಗೆ ದೊರೆತಿದ್ದರೂ ಬಡ್ತಿ ಪೂರ್ವ ವೈದ್ಯಕೀಯ ತಪಾಸಣೆಯ ಹಂತದಲ್ಲಿ ತಡೆಯುಂಟಾಗುವುದು ಈ ಕಾರಣಕ್ಕೆ.

ಸಿಪಾಯಿಯಿಂದ ಸುಬೇದಾರ್‌ವರೆಗೆ

ಸಿಪಾಯಿ, ನಾಯಕ್, ಹವಾಲ್ದಾರ್ ಹಾಗೂ ಅದರ ಮೇಲಿನ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ಹುದ್ದೆಗಳ ಬಡ್ತಿ ಬಹುಮಟ್ಟಿಗೆ ಜ್ಯೇಷ್ಠತೆ, ಖಾಲಿ ಸ್ಥಾನ, ಬಡ್ತಿ ತರಬೇತಿಯಲ್ಲಿ ತೇರ್ಗಡೆ, ಶಿಸ್ತಿನ ದಾಖಲೆ ಮತ್ತು ವಾರ್ಷಿಕ ವರದಿಗಳನ್ನು ಅವಲಂಬಿಸಿದೆ. ಇವೆಲ್ಲದರ ಜೊತೆಗೆ ವೈದ್ಯಕೀಯ ಶ್ರೇಣಿಯೂ ಒಂದು ಷರತ್ತು. ಸಾಮಾನ್ಯ ನಿಯಮ ಶೇಪ್-1. ಯುದ್ಧದಲ್ಲಿ ಗಾಯಗೊಂಡವರಿಗೆ ಇದರಲ್ಲಿ ರಿಯಾಯಿತಿಯಿದೆ.

ಈ ಹಂತದಲ್ಲಿ ಬಡ್ತಿ ತಪ್ಪಿದರೆ ಆಗುವ ನಷ್ಟ ಅಧಿಕಾರಿಗಳಿಗಿಂತಲೂ ಹೆಚ್ಚು. ಕೆಳ ಹುದ್ದೆಗಳಲ್ಲಿ ಸೇವಾವಧಿ ಹುದ್ದೆಯನ್ನೇ ಅವಲಂಬಿಸಿರುತ್ತದೆ. ಹವಾಲ್ದಾರನೊಬ್ಬ ಸಕಾಲದಲ್ಲಿ ನಾಯಬ್ ಸುಬೇದಾರ್ ಆಗದಿದ್ದರೆ ಆತ ನಲವತ್ತರ ಆಸುಪಾಸಿನಲ್ಲೇ, ಮಕ್ಕಳ ಓದು ಮುಗಿಯುವ ಮೊದಲೇ, ಮನೆಗೆ ಮರಳಬೇಕಾಗುತ್ತದೆ. ಸೇವಾವಧಿಯ ಕೊನೆಯಲ್ಲಿ ಸಿಗುವ ಎರಡು ವರ್ಷಗಳ ವಿಸ್ತರಣೆಗೂ ವೈದ್ಯಕೀಯ ಶ್ರೇಣಿಯ ಷರತ್ತಿದೆ. ಹೀಗೆ ಒಂದು ಮೊಣಕಾಲಿನ ಪೆಟ್ಟು ಬಡ್ತಿಯನ್ನೂ ಸೇವಾವಧಿಯನ್ನೂ ಪಿಂಚಣಿಯ ಮೊತ್ತವನ್ನೂ ಏಕಕಾಲಕ್ಕೆ ಕಡಿತಗೊಳಿಸಬಲ್ಲದು. ಗಾಯವನ್ನು ಮುಚ್ಚಿಟ್ಟು ಕರ್ತವ್ಯ ಮುಂದುವರಿಸುವ ಪ್ರವೃತ್ತಿಗೆ ಇದೇ ಮೂಲ.

ಗಾಯ ಎಲ್ಲಿ, ಹೇಗೆ ಆಯಿತು?

ಒಂದೇ ಬಗೆಯ ಗಾಯಕ್ಕೆ ಎರಡು ಬಗೆಯ ಫಲ ದೊರೆಯಬಹುದು. ಶತ್ರುವಿನ ಗುಂಡಿನಿಂದ ಕಾಲು ಕಳೆದುಕೊಂಡವನು 'ಯುದ್ಧ ಗಾಯಾಳು'. ರಜೆಯಲ್ಲಿ ಊರಿಗೆ ಬಂದು ಸ್ವಂತ ಕೆಲಸಕ್ಕೆ ಹೋಗುವಾಗ ಬೈಕಿನಿಂದ ಬಿದ್ದು ಕಾಲು ಕಳೆದುಕೊಂಡವನು ಆ ವರ್ಗಕ್ಕೆ ಸೇರುವುದಿಲ್ಲ. ಬಡ್ತಿಗೆ ಸ್ವೀಕಾರಾರ್ಹವಾದ ವೈದ್ಯಕೀಯ ಶ್ರೇಣಿಯನ್ನು ನಿರ್ಧರಿಸುವಾಗ ಯುದ್ಧ ಗಾಯಾಳುಗಳಿಗೆ ಹೆಚ್ಚಿನ ಸಡಿಲಿಕೆ ಸಿಗುತ್ತದೆ.

ಪಿಂಚಣಿಯ ಉದ್ದೇಶಕ್ಕಾಗಿ ರಕ್ಷಣಾ ಸಚಿವಾಲಯದ 2001ರ ಜನವರಿ 31ರ ಆದೇಶ ಸಾವು ಮತ್ತು ಅಂಗವೈಕಲ್ಯದ ಕಾರಣಗಳನ್ನು ಎ ಯಿಂದ ಇ ವರೆಗೆ ಐದು ವರ್ಗಗಳಾಗಿ ವಿಂಗಡಿಸಿತು. ಸೇವೆಗೆ ಸಂಬಂಧವಿಲ್ಲದ ಸ್ವಾಭಾವಿಕ ಕಾರಣಗಳು 'ಎ'. ಸೇವೆಯಿಂದ ಉಂಟಾದ ಅಥವಾ ಉಲ್ಬಣಗೊಂಡ ಕಾಯಿಲೆಗಳು 'ಬಿ'. ಕರ್ತವ್ಯದ ವೇಳೆ ನಡೆದ ಅಪಘಾತಗಳು 'ಸಿ'. ಭಯೋತ್ಪಾದಕ ಕೃತ್ಯದಂಥ ಘಟನೆಗಳು 'ಡಿ'. ಯುದ್ಧ ಹಾಗೂ ಶತ್ರು ಕಾರ್ಯಾಚರಣೆ 'ಇ'. ಯಾವ ವರ್ಗ ಎಂಬುದು ಗಾಯದ ವರದಿ ಮತ್ತು ವಿಚಾರಣಾ ಸಮಿತಿಯ ದಾಖಲೆಗಳಿಂದ ತೀರ್ಮಾನವಾಗುತ್ತದೆ. ಗಾಯವಾದ ದಿನವೇ ಸರಿಯಾದ ವರದಿ ಸಲ್ಲಿಕೆಯಾಗದಿದ್ದರೆ ಹತ್ತು ವರ್ಷದ ನಂತರ ಅದನ್ನು ಸಾಬೀತುಪಡಿಸುವುದು ದುಸ್ತರ.

ಕೃತಕ ಕಾಲಿನ ಸೇನಾನಿಗಳು

ಅಂಗವೈಕಲ್ಯ ಎಂದರೆ ಬಡ್ತಿಯ ಅಂತ್ಯ ಎಂಬ ಭಾವನೆಯನ್ನು ಸುಳ್ಳಾಗಿಸಿದ ನಿದರ್ಶನಗಳು ಭಾರತೀಯ ಸೇನೆಯ ಇತಿಹಾಸದಲ್ಲಿವೆ. ಇಯಾನ್ ಕಾರ್ಡೊಜೊ 1971ರ ಯುದ್ಧದಲ್ಲಿ ಇಂದಿನ ಬಾಂಗ್ಲಾದೇಶದ ಸಿಲ್ಹೆಟ್ ಪ್ರದೇಶದಲ್ಲಿ ಐದನೇ ಗೂರ್ಖಾ ರೈಫಲ್ಸ್‌ನ ನಾಲ್ಕನೇ ಬೆಟಾಲಿಯನ್‌ನಲ್ಲಿದ್ದರು. ನೆಲಬಾಂಬ್ ತುಳಿದು ಛಿದ್ರಗೊಂಡ ಕಾಲನ್ನು ಅವರು ತಮ್ಮದೇ ಖುಕ್ರಿಯಿಂದ ಕತ್ತರಿಸಿಕೊಂಡರು. ಸೆರೆಸಿಕ್ಕಿದ್ದ ಪಾಕಿಸ್ತಾನಿ ಸೇನಾ ವೈದ್ಯರೊಬ್ಬರು ಅವರಿಗೆ ಶಸ್ತ್ರಚಿಕಿತ್ಸೆ ಮಾಡಿದರು.

ಅವರ ಮುಂದಿನ ಹೋರಾಟ ಕಡತಗಳೊಂದಿಗೆ ನಡೆಯಿತು. ಕೃತಕ ಕಾಲಿನ ಅಧಿಕಾರಿಗೆ ಪದಾತಿ ದಳದ ಬೆಟಾಲಿಯನ್ ಒಪ್ಪಿಸಲು ಸೇನೆ ಹಿಂಜರಿಯಿತು. ದೈಹಿಕ ಕ್ಷಮತಾ ಪರೀಕ್ಷೆಯಲ್ಲಿ ಎರಡೂ ಕಾಲಿದ್ದ ಅಧಿಕಾರಿಗಳ ಜೊತೆಗೆ ಓಡಿ, ಅವರಲ್ಲಿ ಕೆಲವರನ್ನು ಹಿಂದಿಕ್ಕಿದ್ದಾಗಿ ಅವರೇ ಹೇಳಿಕೊಂಡಿದ್ದಾರೆ. ಕೊನೆಗೂ ಅನುಮತಿ ದೊರೆತು, ಬೆಟಾಲಿಯನ್ ಮತ್ತು ನಂತರ ಬ್ರಿಗೇಡ್‌ನ ನೇತೃತ್ವ ವಹಿಸಿದ ಮೊದಲ ಯುದ್ಧ ಅಂಗವಿಕಲ ಅಧಿಕಾರಿ ಎಂಬ ಗೌರವಕ್ಕೆ ಪಾತ್ರರಾದ ಅವರು ಮೇಜರ್ ಜನರಲ್ ಆಗಿ ನಿವೃತ್ತರಾದರು.

ಬೆಳಗಾವಿಯಲ್ಲಿ ಕೇಂದ್ರ ಹೊಂದಿರುವ ಮರಾಠಾ ಲಘು ಪದಾತಿ ದಳದ ವಿಜಯ್ ಒಬೆರಾಯ್ 1965ರ ಯುದ್ಧದಲ್ಲಿ ಕಾಲು ಕಳೆದುಕೊಂಡವರು. ಆದರೂ ಅವರು ಲೆಫ್ಟಿನೆಂಟ್ ಜನರಲ್ ಹುದ್ದೆಗೇರಿ ಭೂಸೇನೆಯ ಉಪಮುಖ್ಯಸ್ಥರಾದರು. ಗಾಯಾಳು ಯೋಧರ ಪುನರ್ವಸತಿಗೆ ದುಡಿಯುವ ವಾರ್ ವೂಂಡೆಡ್ ಫೌಂಡೇಶನ್ ಕಟ್ಟಿದವರೂ ಅವರೇ. ನೆಲಬಾಂಬ್ ಸ್ಫೋಟದಲ್ಲಿ ಎರಡೂ ಕಾಲುಗಳನ್ನು ಕಳೆದುಕೊಂಡ ಪಂಕಜ್ ಜೋಶಿ ಲೆಫ್ಟಿನೆಂಟ್ ಜನರಲ್ ಆಗಿ ಮೂರೂ ಪಡೆಗಳ ಸಮನ್ವಯ ಸಂಸ್ಥೆಯಾದ ಇಂಟಿಗ್ರೇಟೆಡ್ ಡಿಫೆನ್ಸ್ ಸ್ಟಾಫ್‌ನ ಮುಖ್ಯಸ್ಥರಾಗಿದ್ದರು.

ಈ ಮೂವರ ಉದಾಹರಣೆ ಸ್ಫೂರ್ತಿದಾಯಕವೇ. ಆದರೆ ಇವು ನಿಯಮದ ಅಪವಾದಗಳು ಎಂಬುದನ್ನು ಮರೆಯುವಂತಿಲ್ಲ. ಸಾಮಾನ್ಯ ಸಿಪಾಯಿಗೆ ತನ್ನ ಸಾಮರ್ಥ್ಯವನ್ನು ಉನ್ನತಾಧಿಕಾರಿಗಳ ಮುಂದೆ ಸಾಬೀತುಪಡಿಸುವ ಅಂಥ ಅವಕಾಶ ಸುಲಭವಾಗಿ ಒದಗುವುದಿಲ್ಲ.

ಮಹಿಳಾ ಅಧಿಕಾರಿಗಳು ಮತ್ತು ಶೇಪ್-1

ವೈದ್ಯಕೀಯ ಮಾನದಂಡ ಎಷ್ಟು ನ್ಯಾಯಸಮ್ಮತ ಎಂಬ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ ಆಳವಾಗಿ ಪರಿಶೀಲಿಸಿದ್ದು 2021ರಲ್ಲಿ. ಅದಕ್ಕೂ ಮೊದಲು, 2020ರ ಫೆಬ್ರವರಿ 17ರಂದು ಬಬಿತಾ ಪೂನಿಯಾ ಪ್ರಕರಣದಲ್ಲಿ ಶಾರ್ಟ್ ಸರ್ವೀಸ್ ಮಹಿಳಾ ಅಧಿಕಾರಿಗಳಿಗೂ ಕಾಯಂ ಸೇವೆ ನೀಡಬೇಕೆಂದು ನ್ಯಾಯಾಲಯ ಆದೇಶಿಸಿತ್ತು. ಅದರಂತೆ ಸೇನೆ ಆಯ್ಕೆ ಪ್ರಕ್ರಿಯೆ ನಡೆಸಿದಾಗ ಶೇಪ್-1 ಷರತ್ತು ಅನೇಕರಿಗೆ ಅಡ್ಡಿಯಾಯಿತು.

ಸಮಸ್ಯೆಯ ಮೂಲ ವಯಸ್ಸಿನಲ್ಲಿತ್ತು. ಪುರುಷ ಅಧಿಕಾರಿಗಳನ್ನು ಸೇವೆಯ 5ನೇ ಅಥವಾ 10ನೇ ವರ್ಷದಲ್ಲಿ, ಯೌವನದಲ್ಲಿದ್ದಾಗಲೇ, ಕಾಯಂ ಸೇವೆಗೆ ಪರಿಗಣಿಸಲಾಗುತ್ತಿತ್ತು. ಆಮೇಲೆ ಅವರ ಶ್ರೇಣಿ ಕುಸಿದರೂ ಸೇವೆಗೆ ಧಕ್ಕೆ ಇರಲಿಲ್ಲ. ಮಹಿಳೆಯರಿಗೆ ಆ ಕಾಲದಲ್ಲಿ ಅವಕಾಶವನ್ನೇ ನೀಡದೆ, ನಲವತ್ತು ದಾಟಿದ ಮೇಲೆ ಯುವಕರಿಗೆ ಅನ್ವಯಿಸುವ ಅದೇ ಅಳತೆಗೋಲಿನಿಂದ ಅಳೆಯಲಾಯಿತು. 2021ರ ಮಾರ್ಚ್ 25ರಂದು ಲೆಫ್ಟಿನೆಂಟ್ ಕರ್ನಲ್ ನಿತಿಶಾ ಪ್ರಕರಣದಲ್ಲಿ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಎಂ.ಆರ್. ಶಾ ಅವರ ಪೀಠ ಇದನ್ನು ಪರೋಕ್ಷ ತಾರತಮ್ಯವೆಂದು ಪರಿಗಣಿಸಿತು. ಶೇಪ್-1 ಮಾನದಂಡವನ್ನು ಪೀಠ ತಪ್ಪೆನ್ನಲಿಲ್ಲ. ಅದನ್ನು ಅನ್ವಯಿಸಿದ ಕಾಲ ತಪ್ಪೆಂದಿತು. ಸೇವೆಯ 5ನೇ ಅಥವಾ 10ನೇ ವರ್ಷದಲ್ಲಿ ಆ ಅಧಿಕಾರಿಗಳ ಆರೋಗ್ಯ ಹೇಗಿತ್ತೋ ಅದನ್ನೇ ಆಧಾರವಾಗಿಟ್ಟುಕೊಳ್ಳುವಂತೆ ಸೂಚಿಸಿತು.

ಅಂಗವಿಕಲರ ಕಾಯ್ದೆ ಅನ್ವಯಿಸುವುದೇ?

ನಾಗರಿಕ ನೌಕರರಿಗೆ ಈ ವಿಷಯದಲ್ಲಿ ಕಾನೂನಿನ ರಕ್ಷಣೆಯಿದೆ. 1995ರ ಅಂಗವಿಕಲರ ಕಾಯ್ದೆಯ 47ನೇ ಕಲಂ ಪ್ರಕಾರ ಸೇವೆಯಲ್ಲಿರುವಾಗ ಅಂಗವಿಕಲನಾದ ನೌಕರನನ್ನು ವಜಾ ಮಾಡುವಂತಿರಲಿಲ್ಲ, ಅಂಗವೈಕಲ್ಯದ ಕಾರಣವೊಂದಕ್ಕೇ ಬಡ್ತಿ ನಿರಾಕರಿಸುವಂತಿರಲಿಲ್ಲ. ಅದರ ಬದಲಿಗೆ ಬಂದ 2016ರ ಕಾಯ್ದೆಯ 20ನೇ ಕಲಂನಲ್ಲೂ ಇಂಥದೇ ರಕ್ಷಣೆ ಇದೆ.

ಆದರೆ ನಿರ್ದಿಷ್ಟ ಸಂಸ್ಥೆಗಳಿಗೆ ವಿನಾಯಿತಿ ನೀಡುವ ಅಧಿಕಾರ ಸರ್ಕಾರಕ್ಕಿದೆ. 2002ರ ಮಾರ್ಚ್ 28ರ ಅಧಿಸೂಚನೆಯ ಮೂಲಕ ಸಶಸ್ತ್ರ ಪಡೆಗಳ ಯುದ್ಧ ಸಿಬ್ಬಂದಿಯನ್ನು ಹಳೆಯ ಕಾಯ್ದೆಯ 47ನೇ ಕಲಂನಿಂದ ಹೊರಗಿಡಲಾಯಿತು. 2021ರ ಆಗಸ್ಟ್ 18ರಂದು ಹೊಸ ಕಾಯ್ದೆಯಡಿಯಲ್ಲೂ ಅಂಥದೇ ವಿನಾಯಿತಿ ನೀಡಲಾಯಿತು. ಪರಿಣಾಮವಾಗಿ, ದೇಶರಕ್ಷಣೆಯಲ್ಲಿ ಕೈಕಾಲು ಕಳೆದುಕೊಂಡವನಿಗೆ ಗುಮಾಸ್ತನಿಗಿರುವ ಶಾಸನಬದ್ಧ ರಕ್ಷಣೆ ಇಲ್ಲ. ಯುದ್ಧಸನ್ನದ್ಧತೆಯೊಂದಿಗೆ ರಾಜಿ ಸಾಧ್ಯವಿಲ್ಲವೆಂಬುದು ಸರ್ಕಾರದ ವಾದ. ಎಲ್ಲ ಸೇನಾ ಹುದ್ದೆಗಳೂ ಕಂದಕದಲ್ಲಿ ನಿಂತು ಮಾಡುವಂಥವಲ್ಲ ಎಂಬುದು ಅಂಗವಿಕಲರ ಹಕ್ಕುಗಳ ಪರ ಇರುವವರ ಉತ್ತರ.

ಸೇವೆಯಲ್ಲಿ ಉಳಿಯುವುದು, ಹೊರಬರುವುದು

ಕೆಳ ಶ್ರೇಣಿಯ ಯೋಧನಿಗೆ ಆತ ಮಾಡಬಲ್ಲಂಥ ಹಗುರ ಕೆಲಸ ಲಭ್ಯವಿದ್ದರೆ ಸೇವೆಯಲ್ಲಿ ಮುಂದುವರಿಸಬಹುದು. ಸೇನೆಯ ಪರಿಭಾಷೆಯಲ್ಲಿ ಇದು 'ಶೆಲ್ಟರ್ಡ್ ಅಪಾಯಿಂಟ್‌ಮೆಂಟ್'. ಉಗ್ರಾಣ, ಕಚೇರಿ, ತರಬೇತಿ ಕೇಂದ್ರಗಳ ಕೆಲಸಗಳು ಈ ಬಗೆಯವು. ಅಂಥ ಕೆಲಸವಿಲ್ಲವೆಂಬ ಕಾರಣ ನೀಡಿ ಅನೇಕರನ್ನು ಮನೆಗೆ ಕಳುಹಿಸಿದ್ದುಂಟು. ಈ ಕ್ರಮವನ್ನು ಸುಪ್ರೀಂ ಕೋರ್ಟ್ 2008ರ ನವೆಂಬರ್‌ನಲ್ಲಿ ರಾಜ್‌ಪಾಲ್ ಸಿಂಗ್ ಪ್ರಕರಣದಲ್ಲಿ ಪರಿಶೀಲಿಸಿತು. ವೈದ್ಯಕೀಯ ಕಾರಣಕ್ಕಾಗಿ ಬಿಡುಗಡೆ ಮಾಡುವುದಾದರೆ 1954ರ ಸೇನಾ ನಿಯಮಗಳ 13ನೇ ನಿಯಮದಂತೆ ಇನ್‌ವ್ಯಾಲಿಡಿಂಗ್ ವೈದ್ಯಕೀಯ ಮಂಡಳಿಯ ಶಿಫಾರಸು ಕಡ್ಡಾಯ, ಅದಿಲ್ಲದೆ ಮಾಡಿದ ಬಿಡುಗಡೆ ಊರ್ಜಿತವಲ್ಲ ಎಂದು ತೀರ್ಪಿತ್ತಿತು.

ಬಡ್ತಿ ತಪ್ಪಿದವರಿಗೆ ಅಲ್ಪ ಸಮಾಧಾನ ನೀಡುವುದು ಅಂಗವೈಕಲ್ಯ ಪಿಂಚಣಿ. ಸೇರ್ಪಡೆಯ ವೇಳೆ ಯಾವುದೇ ಕಾಯಿಲೆ ದಾಖಲಾಗಿರದಿದ್ದರೆ, ನಂತರ ಬಂದ ಕಾಯಿಲೆ ಸೇವೆಯಿಂದಲೇ ಉಂಟಾಯಿತೆಂದು ಭಾವಿಸಬೇಕು ಎಂಬುದು 2013ರ ಧರ್ಮವೀರ್ ಸಿಂಗ್ ತೀರ್ಪಿನ ಸಾರ. ಅಂಗವೈಕಲ್ಯದ ಪ್ರಮಾಣವನ್ನು ಶೇ. 50, 75 ಅಥವಾ 100ಕ್ಕೆ ಏರಿಸಿ ಲೆಕ್ಕ ಹಾಕುವ ಸೌಲಭ್ಯ ಸೇವೆಯಿಂದ ಹೊರಹಾಕಲ್ಪಟ್ಟವರಿಗಷ್ಟೇ ಅಲ್ಲ, ಅವಧಿ ಪೂರೈಸಿ ನಿವೃತ್ತರಾದವರಿಗೂ ಅನ್ವಯಿಸುತ್ತದೆ ಎಂದು 2014ರ ಡಿಸೆಂಬರ್‌ನ ರಾಮ್ ಅವತಾರ್ ತೀರ್ಪು ಹೇಳಿತು.

ಇದರ ಅರ್ಥ ತಿಳಿಯಲು ಒಂದು ಲೆಕ್ಕ ನೋಡಬಹುದು. ಆ ನಿಯಮಗಳಡಿ ಶೇ. 100 ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇ. 30ರಷ್ಟು ಅಂಗವೈಕಲ್ಯ ಅಂಶ ಸಿಗುತ್ತದೆ. ಕೊನೆಯ ವೇತನ 60,000 ರೂಪಾಯಿ, ಅಂಗವೈಕಲ್ಯ ಶೇ. 30 ಎಂದಿಟ್ಟುಕೊಂಡರೆ ಅದನ್ನು ಶೇ. 50 ಎಂದು ಪರಿಗಣಿಸಿ ತಿಂಗಳಿಗೆ 9,000 ರೂಪಾಯಿ ಹೆಚ್ಚುವರಿಯಾಗಿ ದೊರೆಯುತ್ತದೆ. ಗಾಯ ಯುದ್ಧದಲ್ಲಾಗಿದ್ದು, ಸೇವೆಯಲ್ಲೇ ಮುಂದುವರಿದು ಅವಧಿ ಮುಗಿಸಿ ನಿವೃತ್ತನಾಗಿದ್ದರೆ ದರ ಶೇ. 60. ಆಗ ಮೊತ್ತ 18,000 ರೂಪಾಯಿ.

2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಜಾರಿಗೆ ಬಂದಿವೆ. ಅಂಗವೈಕಲ್ಯವಿದ್ದೂ ಸೇವೆಯಲ್ಲಿ ಮುಂದುವರಿದವರಿಗೆ 'ಇಂಪೇರ್ಮೆಂಟ್ ರಿಲೀಫ್' ಎಂಬ ಹೊಸ ಹೆಸರಿನ ಪರಿಹಾರವನ್ನು ಅವು ಪರಿಚಯಿಸಿದವು. ಆ ದಿನಾಂಕದ ನಂತರ ನಿವೃತ್ತರಾಗುವವರು ಹಳೆಯ ಲೆಕ್ಕವನ್ನೇ ನಂಬಿ ಕೂರದೆ ಹೊಸ ನಿಯಮಗಳನ್ನು ಪರಿಶೀಲಿಸುವುದು ಅಗತ್ಯ. ಮಾಜಿ ಸೈನಿಕರ ಸಂಘಟನೆಗಳು ಈ ನಿಯಮಗಳನ್ನು ಕಟುವಾಗಿ ಟೀಕಿಸಿವೆ.

ವಾಯುಪಡೆ: ಬೆಂಗಳೂರಿನ ಪಾತ್ರ

ನೌಕಾಪಡೆ ಮತ್ತು ವಾಯುಪಡೆಗಳಿಗೆ ತಮ್ಮದೇ ಆದ ಶ್ರೇಣಿ ಪದ್ಧತಿಗಳಿವೆ. ವಾಯುಪಡೆಯಲ್ಲಿ 'ಎ' ಹಾರಾಟದ ಅರ್ಹತೆಯನ್ನೂ 'ಜಿ' ನೆಲದ ಕರ್ತವ್ಯದ ಅರ್ಹತೆಯನ್ನೂ ಸೂಚಿಸುತ್ತದೆ. ಹೀಗಾಗಿ ಪೈಲಟ್ ಒಬ್ಬ ಹಾರಾಟಕ್ಕೆ ಅನರ್ಹನಾಗಿಯೂ ನೆಲದ ಕೆಲಸಕ್ಕೆ ಪೂರ್ಣ ಅರ್ಹನಾಗಿರಬಹುದು. ಅಪಾಯದಲ್ಲಿ ವಿಮಾನದಿಂದ ಹೊರಚಿಮ್ಮಿದ ಪೈಲಟ್‌ಗಳಿಗೆ ಬೆನ್ನುಮೂಳೆಯ ಪೆಟ್ಟು ಆಗುವುದು ಸಾಮಾನ್ಯ. ಅಂಥವರು ಮತ್ತೆ ಹಾರಬಹುದೇ ಎಂಬುದನ್ನು ಪರಿಶೀಲಿಸುವ ಪ್ರಮುಖ ಸಂಸ್ಥೆ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್. ಅಲ್ಲಿನ ವರದಿ ಪೈಲಟ್ ಒಬ್ಬನ ವೃತ್ತಿಯ ದಿಕ್ಕನ್ನೇ ಬದಲಿಸಬಲ್ಲದು.

ಅಗ್ನಿವೀರರು ಮತ್ತು ಕೆಡೆಟ್‌ಗಳು

2022ರ ಜೂನ್ 14ರಂದು ಘೋಷಣೆಯಾದ ಅಗ್ನಿಪಥ ಯೋಜನೆ ಈ ಪ್ರಶ್ನೆಗೆ ಹೊಸ ತಿರುವು ನೀಡಿದೆ. ನಾಲ್ಕು ವರ್ಷಗಳ ಬಳಿಕ ಗರಿಷ್ಠ ಶೇ. 25ರಷ್ಟು ಮಂದಿಯನ್ನು ಮಾತ್ರ ಕಾಯಂಗೊಳಿಸುವ ವ್ಯವಸ್ಥೆಯೊಂದಿಗೆ ಯೋಜನೆ ಆರಂಭವಾಯಿತು. ಇಂಥ ಪೈಪೋಟಿಯಲ್ಲಿ ದೈಹಿಕ ಕ್ಷಮತೆಯ ಪ್ರತಿ ಅಂಕವೂ ನಿರ್ಣಾಯಕ. ತರಬೇತಿಯಲ್ಲಿ ಕಾಲು ಉಳುಕಿದ ಅಗ್ನಿವೀರನಿಗೆ ಚೇತರಿಸಿಕೊಳ್ಳಲು ಇರುವ ಕಾಲವೇ ಕಡಿಮೆ. ಸೇವೆಯಿಂದ ಉಂಟಾದ ಅಂಗವೈಕಲ್ಯಕ್ಕೆ ಪ್ರಮಾಣಾನುಸಾರ 44 ಲಕ್ಷ, 25 ಲಕ್ಷ ಅಥವಾ 15 ಲಕ್ಷ ರೂಪಾಯಿಗಳ ಇಡಿಗಂಟನ್ನು ಯೋಜನೆ ಗೊತ್ತುಪಡಿಸಿತು.

ಅಧಿಕಾರಿಯಾಗುವ ಮುನ್ನವೇ ಗಾಯಗೊಂಡವರ ಕಥೆ ಇನ್ನೂ ದಾರುಣ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಂಥ ತರಬೇತಿ ಸಂಸ್ಥೆಗಳಲ್ಲಿ ಗಾಯಗೊಂಡು ಹೊರಬಿದ್ದ ಕೆಡೆಟ್‌ಗಳಿಗೆ ಅಧಿಕಾರಿಯ ಸ್ಥಾನವೂ ಇಲ್ಲ, ಮಾಜಿ ಸೈನಿಕನ ಸ್ಥಾನವೂ ಇಲ್ಲ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇವರ ಸ್ಥಿತಿಯ ಬಗ್ಗೆ ಸ್ವಯಂಪ್ರೇರಿತ ವಿಚಾರಣೆ ಕೈಗೆತ್ತಿಕೊಂಡಿತು.

ಪರಿಹಾರದ ಮಾರ್ಗಗಳು

ವೈದ್ಯಕೀಯ ಶ್ರೇಣಿ ಅಥವಾ ಬಡ್ತಿ ನಿರಾಕರಣೆಯ ಬಗ್ಗೆ ಅಸಮಾಧಾನವಿದ್ದರೆ ಮೊದಲ ಹೆಜ್ಜೆ ಇಲಾಖೆಯೊಳಗಿನ ಮನವಿ. 1950ರ ಸೇನಾ ಕಾಯ್ದೆಯ 27ನೇ ಕಲಂ ಅಧಿಕಾರಿಗಳಿಗೂ 26ನೇ ಕಲಂ ಇತರರಿಗೂ ಶಾಸನಬದ್ಧ ದೂರಿನ ಹಕ್ಕು ನೀಡಿವೆ. ವೈದ್ಯಕೀಯ ಮಂಡಳಿಯ ನಿರ್ಣಯದ ವಿರುದ್ಧ ಮೇಲ್ಮನವಿ ಮಂಡಳಿಗೆ ಕೋರಿಕೆ ಸಲ್ಲಿಸಬಹುದು.

ನಂತರದ ಹಂತ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆಯಡಿ ರಚನೆಯಾಗಿ 2009ರ ಆಗಸ್ಟ್‌ನಲ್ಲಿ ಕಾರ್ಯಾರಂಭ ಮಾಡಿದ ಈ ಮಂಡಳಿಯ ಪ್ರಧಾನ ಪೀಠ ದೆಹಲಿಯಲ್ಲಿದೆ. ಕರ್ನಾಟಕದ ಪ್ರಕರಣಗಳು ಕೊಚ್ಚಿಯ ಪ್ರಾದೇಶಿಕ ಪೀಠದ ವ್ಯಾಪ್ತಿಗೆ ಬರುತ್ತವೆ. ನ್ಯಾಯಮಂಡಳಿಯ ಆದೇಶದ ವಿರುದ್ಧ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟ್‌ಗೆ ಹೋಗುವ ಹಕ್ಕನ್ನು 2023ರ ಮಾರ್ಚ್ 21ರಂದು ಪರಶೋತ್ತಮ್ ದಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಆದರೆ ವೈದ್ಯರ ಪರಿಣತ ಅಭಿಪ್ರಾಯದ ಬದಲಿಗೆ ತಮ್ಮ ಅಭಿಪ್ರಾಯವನ್ನು ಇರಿಸಲು ನ್ಯಾಯಾಲಯಗಳು ಸಾಮಾನ್ಯವಾಗಿ ಮುಂದಾಗುವುದಿಲ್ಲ. ನಿಯಮ ಪಾಲನೆಯಾಗಿದೆಯೇ, ಕಾರಣ ದಾಖಲಾಗಿದೆಯೇ, ಸಮಾನರನ್ನು ಸಮಾನವಾಗಿ ಕಾಣಲಾಗಿದೆಯೇ ಎಂಬುದನ್ನಷ್ಟೇ ಅವು ನೋಡುತ್ತವೆ.

ಹೀಗಾಗಿ ಯೋಧನ ಕೈಯಲ್ಲಿರುವ ಅತಿ ದೊಡ್ಡ ಆಧಾರ ದಾಖಲೆಯೇ. ಗಾಯವಾದ ದಿನವೇ ವರದಿ ಸಲ್ಲಿಸುವುದು, ವಿಚಾರಣಾ ಸಮಿತಿಯ ನಿರ್ಣಯದ ಪ್ರತಿ ಪಡೆಯುವುದು, ಪ್ರತಿ ವೈದ್ಯಕೀಯ ಮಂಡಳಿಯ ಕಾಗದಗಳನ್ನು ಜೋಪಾನವಾಗಿಡುವುದು, ಪುನರ್ವಿಮರ್ಶೆಯ ದಿನಾಂಕ ತಪ್ಪಿಸದಿರುವುದು ಅತ್ಯವಶ್ಯ. ಬಡ್ತಿಯ ಆಸೆಯಿಂದ ನೋವನ್ನು ನುಂಗಿಕೊಂಡು ಓಡುವ ಯೋಧ ಅಂದಿನ ಪರೀಕ್ಷೆಯಲ್ಲಿ ಗೆಲ್ಲಬಹುದು. ಆದರೆ ಆ ನೋವು ಮುಂದೊಂದು ದಿನ ಅವನನ್ನು ನಿಲ್ಲಿಸಿದಾಗ ಅದು ಸೇವೆಯಲ್ಲಿ ಆದದ್ದೆಂದು ಹೇಳಲು ಒಂದು ತುಂಡು ಕಾಗದವೂ ಅವನ ಬಳಿ ಇರುವುದಿಲ್ಲ.